ಮೆಟ್ಟಿಲ ಮೇಲೆ ಉಂಡ ಆರು ತಿಂಗಳು

ಮದುವೆಗೆ ಮುಂಚೆ ನಾನಿದ್ದದ್ದು ನಾಗಮಂಗಲದ ಹತ್ತಿರ ಅಪ್ಪನ ಮನೆಯಲ್ಲಿ, ಆಮೇಲೆ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗಂಡನ ಮನೆಯಲ್ಲಿ. ಎರಡು ಕಡೆಯೂ ಮನೆ ತುಂಬ ಜನ, ಬೀಗದ ಕೈ ಯಾವಾಗಲೂ ಇನ್ನೊಬ್ಬರ ಸೊಂಟದಲ್ಲಿ. ನನ್ನದು ಅಂತ ಒಂದು ಬಾಗಿಲು ಸಿಕ್ಕಿದ್ದು ಮಸ್ಕತ್ತಿನಲ್ಲಿ, ಅದೂ ಬಾಡಿಗೆಗೆ. ಆ ಬಾಗಿಲಿನ ವಿಷಯವಾಗಿಯೇ ಇದನ್ನು ಬರೆಯುತ್ತಿದ್ದೇನೆ. ಊರಿನಲ್ಲಿ ಈ ಕತೆಯನ್ನು ಬಾಯಿಗೆ ಬಂದಂತೆ ಹೇಳಿಕೊಂಡು ತಿರುಗುವವರಿದ್ದಾರೆ. ನಾನೂ ಒಂದು ಸಲ ಹೇಳಿಬಿಡುತ್ತೇನೆ.

ನನ್ನ ಗಂಡ ಮೊದಲು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಬ್ಬು ಅರೆಯುವ ಕಾಲಕ್ಕೆ ಅಲ್ಲಿ ಕೆಲಸ, ಉಳಿದ ಕಾಲಕ್ಕೆ ಅಣ್ಣನ ಗದ್ದೆಯಲ್ಲಿ. ಅದು ಸಾಕಾಗಿ ಮಸ್ಕತ್ತಿಗೆ ಹೋದರು, ಕಂಪನಿಯ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಹತ್ತಾರು ಗಂಡಸರ ಜೊತೆ ಮಲಗಿ ಎದ್ದರು. ನನ್ನನ್ನು ಕರೆಸಿಕೊಂಡಾಗ ಮೊದಲು ಇಟ್ಟದ್ದು ಇನ್ನೊಬ್ಬರ ಹಾಲಿನಲ್ಲಿ ಪ್ಲೈವುಡ್ ಅಡ್ಡ ಹೊಡೆದು ಮಾಡಿದ ಒಂದು ಗೂಡಿನಲ್ಲಿ. ಆ ಕಡೆಯವರು ಸೀನಿದರೆ ಈ ಕಡೆ ನಾವು ಎದ್ದು ಕೂರಬೇಕು. ಬಸುರಿ ಅಂತ ಗೊತ್ತಾದ ದಿನವೇ ನಾನು ಹಠ ಹಿಡಿದೆ. ಮಗು ಬರುವುದಾದರೆ ಬಾಗಿಲಿರುವ ಮನೆಗೆ ಬರಲಿ, ಇಲ್ಲದಿದ್ದರೆ ನನ್ನನ್ನು ಊರಿಗೆ ಕಳಿಸಿ ಅಂದೆ. ನಾನು ಹಠ ಹಿಡಿದರೆ ಬಿಡುವವಳಲ್ಲ ಅಂತ ಅವರಿಗೆ ಗೊತ್ತಿತ್ತು.

ಸಿಕ್ಕಿದ್ದು ಮಸ್ಕತ್ತಿನ ರೂವಿ ಬಡಾವಣೆಯಲ್ಲಿ, ದಿನಸಿ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ ಒಂದು ಹಾಲು, ಒಂದು ಕೋಣೆ. ಬಾಗಿಲ ಆಚೆ ಬಿಸಿಲಿಗೆ ತೆರೆದ ಮೊಗಸಾಲೆ, ಮೆಟ್ಟಿಲು. ಓನರು ಬಿಳಿ ನಿಲುವಂಗಿಯ ಅರಬ್ಬಿ ಮುದುಕರು. ನಾಗಮಂಗಲದಲ್ಲಿ ನನ್ನ ಗೆಳತಿ ಬಾಡಿಗೆಗೆ ಮನೆ ಹುಡುಕಿದಾಗ 'ನೀವು ಯಾವ ಪೈಕಿ' ಅಂತ ಶುರುವಾದ ಪ್ರಶ್ನೆಗಳು ಮೊಟ್ಟೆ ಬೇಯಿಸುವ ತನಕ ಹೋಗಿದ್ದವು. ಈ ಮುದುಕರು ಕೇಳಿದ್ದು ಒಂದೇ: ಒಳಗೆ ಬೇರೆಯವರನ್ನು ಸೇರಿಸಿಕೊಂಡು ಮಂಚ ಬಾಡಿಗೆಗೆ ಕೊಡುತ್ತೀರಾ? ಇಲ್ಲ ಅಂದೆವು. ಕೀ ಕೊಟ್ಟರು. ಆ ಕೀಯನ್ನು ನಾನು ತಾಳಿಯ ಜೊತೆ ಸರಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಗಂಡ ನಗಾಡಿದರು. ನಗಲಿ ಅಂತ ಬಿಟ್ಟೆ.

ನನಗೆ ತಾಯಿ ಇಲ್ಲ. ಬಾಣಂತನಕ್ಕೆ ಬರಲೊಪ್ಪಿದವರು ಅತ್ತೆ. ನಮ್ಮಿಬ್ಬರಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಒಂದು ದಿನವಾದರೂ ನನ್ನ ಸಾರಿಗೆ ಉಪ್ಪು ಸರಿಯಾಗಿದೆ ಅಂದವರಲ್ಲ. ವಿಮಾನ ಇಳಿದು ಬಂದಾಗ ಅವರ ಜೊತೆ ರಾಗಿ ಹಿಟ್ಟು, ಬಾಣಂತಿ ಖಾರ, ಮಗುವಿಗೆ ಅಂತ ಹಳೇ ಸೀರೆಗಳನ್ನು ಒಗೆದು ಹರಿದಿಟ್ಟ ಮೆತ್ತನೆ ಬಟ್ಟೆ ಎಲ್ಲ ಬಂದವು. ಮನೆಯನ್ನು ಒಂದು ಸುತ್ತು ನೋಡಿದರು.

"ಜಗ್ಲಿ ಇಲ್ಲ, ಅಟ್ಟಿ ಇಲ್ಲ. ಇದೇನ್ ಮನೆ ಕಣವ್ವ, ಬಿಸ್ಕತ್ ಡಬ್ಬ."

ಬಾಗಿಲ ಕೆಳಗೆ ಹೊಸಿಲೂ ಇರಲಿಲ್ಲ, ಒಂದು ತೆಳ್ಳಗಿನ ಕಲ್ಲಿನ ಪಟ್ಟಿ ಇತ್ತು. ಮಾರನೆಯ ದಿನ ಅತ್ತೆ ಅದಕ್ಕೇ ಅರಿಶಿನ ಬಳಿದು ಕುಂಕುಮ ಇಟ್ಟರು. ದಿನ ಕಳೆದಂತೆ ಊರಿನ ಜೊತೆ ಫೋನಿನಲ್ಲಿ ಮಾತಾಡುವಾಗ ಡಬ್ಬ ಹೋಗಿ 'ನಮ್ಮನೆ' ಆಯಿತು. "ನಮ್ಮನೆ ಕಿಟ್ಕೀಲಿ ನಿಂತ್ರೆ ಕರಿಘಟ್ಟದಂಗೆ ಬೆಟ್ಟ ಕಾಣ್ತದೆ, ಆದ್ರೆ ಒಂದ್ ಗಿಡ ಇಲ್ಲ" ಅಂತ ದೊಡ್ಡ ಸೊಸೆಗೆ ಹೇಳುತ್ತಿದ್ದರು. ನನ್ನ ಎದುರಿಗೆ ಮಾತ್ರ ಹೊಗಳುತ್ತಿರಲಿಲ್ಲ.

ನನಗೆ ಎಂಟು ತುಂಬಿದ್ದಾಗ, ಒಂದು ಬೆಳಿಗ್ಗೆ, ಗಂಡ ಕೆಲಸಕ್ಕೆ ಹೋದ ಮೇಲೆ, ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದವರು ಕೈ ನಿಲ್ಲಿಸಿದರು. ಮೈ ಎಲ್ಲ ಬೆವರು. ಎದೆ ಹಿಡಿದುಕೊಂಡರು. ನಾನು ಆಂಬುಲೆನ್ಸಿಗೆ ಫೋನು ಮಾಡಿ ಬರುವಷ್ಟರಲ್ಲಿ ಅವರು ಗೋಡೆ ಹಿಡಿದು ಬಾಗಿಲ ತನಕ ಹೋಗಿ ಚಿಲಕ ತೆಗೆದಿದ್ದರು, ಅಲ್ಲೇ ಕುಸಿದಿದ್ದರು.

"ಮಗ, ನನ್ನ ಆಚೀಕೆ ಕರ್ಕೊಂಡೋಗು."

"ಆಚೆ ಬೆಂಕಿ ಬಿಸ್ಲು ಕಣತ್ತೆ. ಇಲ್ಲೇ ಮಲೀಕಳಿ, ಆಂಬುಲೆನ್ಸು ಬತ್ತಾ ಅದೆ."

"ಒಳೀಕೆ ಬ್ಯಾಡ ಕಣವ್ವ. ಆಚೀಕೆ."

ಮೊಣಕೈ ಊರಿ ತೆವಳಲು ನೋಡಿದರು. ಬಾಗಿಲ ಸಂದಿಯಿಂದ ಒಲೆಯ ಬಾಯಿ ತೆಗೆದಂತೆ ಬಿಸಿಗಾಳಿ ಒಳಗೆ ನುಗ್ಗುತ್ತಿತ್ತು. ಏನೋ ಕನವರಿಸುತ್ತಿದ್ದಾರೆ ಅಂದುಕೊಂಡೆ. ಹೊಟ್ಟೆ ಹೊತ್ತುಕೊಂಡು ಬಗ್ಗಿ ಬಾಗಿಲು ಹಾಕಿದೆ. ಅವರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತೆ, ಲೋಟದಿಂದ ನೀರು ಬಿಟ್ಟೆ. ಒಂದು ಗುಟುಕು ಇಳಿಯಿತು, ಇನ್ನೊಂದು ಕಟವಾಯಲ್ಲಿ ಹರಿದುಹೋಯಿತು. ಆಂಬುಲೆನ್ಸಿನವರು ಬಂದು ಬಾಗಿಲು ಬಡಿದಾಗ ಪ್ರಾಣ ಹೋಗಿತ್ತು.

ಪರದೇಶದಲ್ಲಿ ಸತ್ತವರನ್ನು ಊರಿಗೆ ಕಳಿಸುವುದು ಹೇಗೆ ಅಂತ ಅನುಭವಿಸಿದವರಿಗೇ ಗೊತ್ತು. ಅಂತೂ ಕಾಗದಗಳೆಲ್ಲ ಆಗಿ, ಗಂಡ ಪೆಟ್ಟಿಗೆಯ ಜೊತೆ ವಿಮಾನ ಹತ್ತಿದರು. ಎಂಟು ತುಂಬಿದ ನನ್ನನ್ನು ಯಾವ ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ. ಮನೆಯಲ್ಲಿ ನಾನೊಬ್ಬಳೇ ಉಳಿದೆ. ಪಕ್ಕದ ಮನೆಯಲ್ಲಿ ಶ್ರೀರಂಗಪಟ್ಟಣದ ಗಂಜಾಮಿನ ಕಡೆಯ ಒಬ್ಬ ಮುಸ್ಲಿಂ ಹೆಂಗಸು ಇದ್ದರು, ನನಗಿಂತ ದೊಡ್ಡವರು, ಆಪಾ ಅಂತ ಕರೆಯುತ್ತಿದ್ದೆ. ರಾತ್ರಿ ಅವರು ಬಂದು ನನ್ನ ಜೊತೆ ಮಲಗುತ್ತಿದ್ದರು. ಹಗಲು ನಾನು ಫೋನು ಹಿಡಿದು ಕೂರುತ್ತಿದ್ದೆ. ಬೆಂಗಳೂರಿನಿಂದ ಗಾಡಿ ಹೊರಟು ನಾಗಮಂಗಲದ ತೆಂಗಿನ ತೋಟಗಳನ್ನು ದಾಟುವುದು, ಹೊಲದ ಬದುವಿನಲ್ಲಿ ಗುಂಡಿ ತೋಡಿರುವುದು, ಮಣ್ಣು ಹಾಕುವುದು, ಎಲ್ಲವನ್ನೂ ಅಂಗೈಯಗಲದ ಗಾಜಿನಲ್ಲಿ ನೋಡಿದೆ. ಯಾರೋ ಫೋನು ಹಿಡಿದವನ ಕೈ ಸರಿದು ಅರ್ಧ ಹೊತ್ತು ಬರೀ ಆಕಾಶ ಕಾಣುತ್ತಿತ್ತು.

ಮಣ್ಣಾದ ಮೇಲೆ ಬಾವ, ಅಂದರೆ ನನ್ನ ಗಂಡನ ಅಣ್ಣ, ಫೋನು ತಮ್ಮ ಕೈಗೆ ತೆಗೆದುಕೊಂಡರು.

"ಪ್ರಾಣ ಎಲ್ಲೋಯ್ತವ್ವ? ಒಳೀಕೋ, ಆಚೀಕೋ?"

ಈ ಪ್ರಶ್ನೆಯನ್ನು ಯಾಕೆ ಕೇಳುತ್ತಾರೆ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಆ ಮನೆಯನ್ನು ತಿಂಗಳುಗಟ್ಟಲೆ ಬಿಡಬೇಕು, ಬೀಗ ಹಾಕಿ ಬಾಗಿಲಿಗೆ ಮುಳ್ಳುಕಂಟಿ ಇಡಬೇಕು. ಅದಕ್ಕೇ ಇನ್ನೇನು ಹೋಗುತ್ತಾರೆ ಅನ್ನುವವರನ್ನು ಮೊದಲೇ ಜಗಲಿಗೋ ಅಂಗಳಕ್ಕೋ ತಂದು ಮಲಗಿಸುತ್ತಾರೆ. ನನಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ಹೊಳೆಯಲಿಲ್ಲ. ಅತ್ತೆ ಪರದೇಶದಲ್ಲಿ ಅನಾಥೆಯ ಹಾಗೆ ಹೋಗಲಿಲ್ಲ, ಸೊಸೆ ಪಕ್ಕದಲ್ಲಿದ್ದಳು ಅಂತ ಊರಿಗೆ ತಿಳಿಯಲಿ ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ:

"ಒಳಗೇ ಬಾವ. ಆಚೆ ಬತ್ತೀನಿ ಅಂತಿದ್ರು, ಬಿಸ್ಲು ಅಂತ ನಾನೇ ಬಾಗ್ಲಾಕಿ ತೊಡೆ ಮೇಲೆ ಮಲಗಿಸ್ಕಂಡೆ. ನಾನೇ ನೀರು ಬುಟ್ಟೆ."

ಬಾವ ಫೋನನ್ನು ಯಾರಿಗೋ ಕೊಟ್ಟರು.

ಮಾರನೆಯ ದಿನ ಗಂಡ ಫೋನು ಮಾಡಿದರು. "ಅಣ್ಣ ಪಟ್ಣದ ಐನೋರ್ತಾವ ಹೋಗಿದ್ದ. ನಕ್ಷತ್ರ ಸರಿಗಿಲ್ವಂತೆ. ಆರು ತಿಂಗ್ಳು ಮನೆ ಬುಡ್ಬೇಕಂತೆ."

"ಯಾವ ಮನೆ?"

"ಪ್ರಾಣ ಹೋದ ಮನೆ."

ದುಃಖಕ್ಕಿಂತ ಮೊದಲು ಸಿಟ್ಟು ಬರುತ್ತದೆ ನನಗೆ, ಹುಟ್ಟುಗುಣ. ಊರಿನ ಮನೆಯಲ್ಲಿ ಆಗ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಕೊಟ್ಟಿಗೆಯಲ್ಲಿ ಕರೆಯುವ ಹಸುಗಳು. ಆ ಮನೆಗೆ ಬೀಗ ಬಿದ್ದಿದ್ದರೆ ಬಾವನಿಗೆ ಕೈಯೇ ಮುರಿದಂತಾಗುತ್ತಿತ್ತು. ಅತ್ತೆ ಮದುವೆಯಾಗಿ ಬಂದು, ನಾಲ್ಕು ಹೆತ್ತು, ಮುದುಕಿಯಾದ ಮನೆಗೆ ದೋಷವಿಲ್ಲ. ಬಂದು ಎರಡು ತಿಂಗಳಾಗದ ಬಾಡಿಗೆ ಮನೆಗೆ ಎಲ್ಲ ದೋಷ. ದೋಷಕ್ಕೂ ವೀಸಾ ಕೊಟ್ಟು ಕಳಿಸಿದ್ದೀರಾ ಅಂತ ಬಾವನಿಗೇ ಫೋನು ಮಾಡಿ ಕೇಳಿದೆ. ನಕ್ಷತ್ರ ನೋಡಿದ್ದು ಯಾವ ದೇಶದ ಗಡಿಯಾರದಲ್ಲಿ ಅಂತಲೂ ಕೇಳಿದೆ.

"ನಕ್ಷತ್ರ ಎಲ್ಲಾ ಕಡೀಕೂ ಒಂದೇಯ ಕಣವ್ವ" ಅಂದರು ಬಾವ. ಸಿಟ್ಟು ಮಾಡಿಕೊಳ್ಳಲಿಲ್ಲ. "ನಾಳೆ ಆ ಮಗೀಗೆ ಏನಾರ ಆದ್ರೆ ನಿನ್ನ ನೀನೇ ಕ್ಷಮಿಸ್ಕಳಾಕಾಗಲ್ಲ."

ಆಮೇಲೆ ಫೋನು ಬಾವನ ಹೆಂಡತಿಯ ಕೈಗೆ ಹೋಯಿತು. ಅಕ್ಕ ಕೆಟ್ಟವರಲ್ಲ, ಮೆಲ್ಲಗೆ ಹೇಳಿದರು: "ಅತ್ತೆಗೆ ಗೊತ್ತಾಗೋಗದೆ ಕಣೆ. ನಿಮ್ಮನೆ ಉಳೀಲಿ ಅಂತ್ಲೇ ಆಚೀಕೆ ಬರಕ್ಕೆ ನೋಡವ್ರೆ."

ಫೋನು ಇಟ್ಟ ಮೇಲೆ ನಾನು ಬಾಗಿಲ ಹತ್ತಿರ ಹೋಗಿ ಕೂತೆ. ಡಬ್ಬ ಅಂತ ಬೈದ ಮನೆಯನ್ನು ಉಳಿಸಲು ಆಕೆ ಉಸಿರು ಕಟ್ಟಿ ತೆವಳಿದ್ದರು, ಬಾಯಿ ಬಿಟ್ಟು ಕಾರಣ ಹೇಳಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ಸಾಯುತ್ತಿರುವವರನ್ನು ಆ ಉರಿಬಿಸಿಲಿನ ಮೊಗಸಾಲೆಗೆ ಎಳೆದು ಹಾಕಲು ನನ್ನಿಂದ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಇವತ್ತಿಗೂ ಆಗುವುದಿಲ್ಲ. ಆದರೂ ಅವತ್ತು ಮೊದಲ ಸಲ ಅತ್ತೆಗಾಗಿ ಕಣ್ಣೀರು ಹಾಕಿದೆ.

ಆಪಾಗೆ ಎಲ್ಲ ಹೇಳಿದೆ. "ಅಯ್ಯೋ ಅಲ್ಲಾ, ಆಚೆ ಹೋಯ್ತು ಅಂತ ಹೇಳ್ಬಿಡಬೇಕಿತ್ತಮ್ಮ. ನಾನೂ ನೋಡ್ದೆ ಅಂತಿದ್ದೆ" ಅಂದರು. ಹೊತ್ತು ಮೀರಿತ್ತು.

ತಿಥಿ ಮುಗಿಸಿ ಗಂಡ ವಾಪಸ್ಸು ಬಂದರು. ತಲೆ ನುಣ್ಣಗೆ ಬೋಳಿಸಿಕೊಂಡಿದ್ದರು. ನಾನು ಅನ್ನ ಸಾರು ಮಾಡಿ ಕಾದಿದ್ದೆ. ಬೆಲ್ಲು ಒತ್ತಿದರು. ಬಾಗಿಲು ತೆಗೆದರೆ ಕೈಯಲ್ಲಿ ನ್ಯೂಸ್ ಪೇಪರಿನಲ್ಲಿ ಸುತ್ತಿದ ಒಂದು ಮುಳ್ಳಿನ ಕೊಂಬೆ. ಕ್ಯಾಂಪಿನ ಹಿಂದಿನ ಬಯಲಿನಲ್ಲಿ ಜಾಲಿಯಂಥ ಮರಗಳಿವೆ, ಅಲ್ಲಿಂದ ಮುರಿದು ತಂದಿದ್ದರು. ಅರಿಶಿನದ ಪಟ್ಟಿಯಿಂದ ಒಂದು ಮೊಳ ದೂರ ನಿಂತರು.

"ಬಟ್ಟೆ ಬರೆ ತಕ. ಬೀಗ ಹಾಕವ. ಸ್ನೇಹಿತನ ಮನೇಲಿ ಒಂದು ರೂಮು ಕೊಡ್ತಾರಂತೆ."

"ರೂಮೋ, ಪ್ಲೈವುಡ್ಡೋ?"

ಅವರು ಕೊಂಬೆಯನ್ನು ಇನ್ನೊಂದು ಕೈಗೆ ಬದಲಾಯಿಸಿದರು.

"ನಾನು ಬರಲ್ಲ. ನೀವು ಒಳೀಕೆ ಬನ್ನಿ."

"ಅವ್ವನ ಶಾಸ್ತ್ರ ಕಣೆ."

"ನಿಮ್ಮವ್ವ ಅರಿಶ್ನ ಹಚ್ಚಿದ ಬಾಗ್ಲು ಇದು. ಇದರಿಂದ ಇಳಿದೋದ್ರೆ ನಮಗೆ ಇನ್ನೊಂದು ಸಿಕ್ಕಲ್ಲ."

ಗಟ್ಟಿಯಾಗಿಯೇ ಜಗಳ ಆಡಿದೆವು, ಮೇಲಿನವರು ಕೆಳಗಿನವರು ಬಾಗಿಲು ತೆಗೆದು ನೋಡುವಷ್ಟು. ಕೊನೆಗೆ ಅವರು ಕೊಂಬೆಯನ್ನು ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತರು. ಹಸಿದಿದ್ದರು. ತಟ್ಟೆಯನ್ನು ಅಲ್ಲಿಗೇ ಕೊಟ್ಟೆ. ಉಂಡು ಕ್ಯಾಂಪಿಗೆ ಹೋದರು. ಮುಳ್ಳಿನ ಕೊಂಬೆಯನ್ನು ಮಾರನೆಯ ಬೆಳಿಗ್ಗೆ ಕಸ ಅಂತ ವಾಚ್‌ಮನ್ ಎತ್ತಿಕೊಂಡು ಹೋದ.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಕೆಲಸ ಬಿಟ್ಟು ಬರುತ್ತಿದ್ದರು, ಸಾಮಾನು ತಂದು ಬಾಗಿಲಲ್ಲಿ ಇಡುತ್ತಿದ್ದರು, ಮೆಟ್ಟಿಲ ಮೇಲೆ ಉಂಡು ಹೋಗುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಉಣ್ಣುವುದು ಮೆಟ್ಟಿಲ ಮೇಲೆ, ಮಲಗುವುದು ಕ್ಯಾಂಪಿನಲ್ಲಿ ಅಂದ ಮೇಲೆ ನಮ್ಮ ಜಗಳ ಮುಗಿಯುವುದಾದರೂ ಎಲ್ಲಿ? ಆದರೆ ನಾನು ಒಂದು ಲೆಕ್ಕ ಹಾಕಿಕೊಂಡಿದ್ದೆ. ಆರು ತಿಂಗಳು ತಾನೇ, ಮನೆಯನ್ನು ನಾನು ಹಿಡಿದುಕೊಂಡು ಕೂತಿದ್ದರೆ ಗಡುವು ಮುಗಿದ ದಿನ ಈ ಮನುಷ್ಯ ಒಳಗೆ ಬಂದೇ ಬರುತ್ತಾರೆ. ಮೂವರೂ ನಮ್ಮ ಮನೆಯಲ್ಲಿ ಇರುತ್ತೇವೆ. ಅಷ್ಟಕ್ಕಾಗಿ ಹಲ್ಲು ಕಚ್ಚಿಕೊಂಡೆ.

ಮಗಳು ಆಸ್ಪತ್ರೆಯಲ್ಲಿ ಹುಟ್ಟಿದಳು. ಅಲ್ಲಿ ಮಾತ್ರ ಅವರು ನನ್ನ ಮಂಚದ ಪಕ್ಕ ಕೂತರು, ಮಗುವಿನ ಕಾಲ್ಬೆರಳುಗಳನ್ನು ಮತ್ತೆ ಮತ್ತೆ ಮುಟ್ಟಿದರು. ಮೂಗು ಅವ್ವನದೇ ಅಂದರು. ಮನೆಗೆ ಕರೆತಂದಾಗ ಮೆಟ್ಟಿಲ ತನಕ ಎತ್ತಿಕೊಂಡು ಬಂದವರು, ಬಾಗಿಲ ಬಳಿ ನಿಂತು, ಮಗುವನ್ನು ನನ್ನ ತೋಳಿಗೆ ದಾಟಿಸಿದರು. ಹಸಿ ಬಾಣಂತಿ ನಾನು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದು ಒಳಗೆ ಹೋದೆ. ಆಪಾ ಬಂದು ನೀರು ಕಾಯಿಸಿ ಕೊಟ್ಟರು. ಅತ್ತೆ ತಂದಿಟ್ಟ ಖಾರದಲ್ಲಿ ನಾನೇ ಸಾರು ಮಾಡಿಕೊಂಡು ಉಂಡೆ, ಅವರು ಹರಿದಿಟ್ಟ ಬಟ್ಟೆಯಲ್ಲಿ ಮಗುವನ್ನು ಸುತ್ತಿದೆ. ಆಗೆಲ್ಲ ಆ ಮುದುಕಿಯ ಮೇಲೂ ಕೋಪ ಬರುತ್ತಿತ್ತು. ಎಲ್ಲ ಸಿದ್ಧ ಮಾಡಿಟ್ಟು, ಬೇಕಾದ ಹೊತ್ತಿಗೆ ಇಲ್ಲ.

ಮಗುವಿಗೆ ಜ್ವರ ಬಂದರೆ ನಾನು ಅದನ್ನು ತೋಳಿನಿಂದ ಇಳಿಸುತ್ತಿರಲಿಲ್ಲ. ಬಾವನ ಮಾತು ಕಿವಿಯಲ್ಲಿ ಕೂತಿತ್ತು. ನಾನು ನಂಬುವವಳಲ್ಲ, ಆದರೆ ನಂಬದವರಿಗೂ ಹೆದರಿಕೆ ಹುಟ್ಟಿಸಬಹುದು. ಲಸಿಕೆಯ ಜ್ವರ ಅಂತ ಡಾಕ್ಟರು ಹೇಳಿದರೂ ಬೆಳತನಕ ಅದರ ಉಸಿರು ಕೇಳುತ್ತಾ ಕೂರುತ್ತಿದ್ದೆ. ಹೀಗೆ ಹೆದರಿಸಿದ್ದಕ್ಕೆ ಬಾವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಒಂದು ಸಂಜೆ ಓನರು ಮುದುಕರು ನೀರಿನ ಟ್ಯಾಂಕು ನೋಡಲು ಬಂದವರು, ಮೆಟ್ಟಿಲ ಮೇಲೆ ಮಗುವನ್ನು ತೊಡೆಯಲ್ಲಿ ಹಾಕಿಕೊಂಡು ಕೂತ ನನ್ನ ಗಂಡನನ್ನು ಕಂಡು ನಿಂತರು. ಹೆಂಡತಿ ಹೊರಗೆ ಹಾಕಿದ್ದಾಳೆಯೇ ಅಂತ ಹಿಂದಿಯಲ್ಲಿ ತಮಾಷೆ ಮಾಡಿದರು. ಇವರು ತಡವರಿಸಿಕೊಂಡು, ತಾಯಿ ಒಳಗೆ ಸತ್ತಿದ್ದಾರೆ, ನಾನು ಒಳಗೆ ಹೋಗುವಂತಿಲ್ಲ ಅಂತ ಹೇಳಿದರು. ಮುದುಕರು ನಗು ನಿಲ್ಲಿಸಿ, ಪಕ್ಕದ ಮೆಟ್ಟಿಲ ಮೇಲೆ ಕೂತು, ಇವರ ಬೆನ್ನು ಸವರಿದರು. ಅವರಿಗೆ ಎಷ್ಟು ಅರ್ಥವಾಯಿತೋ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಗಂಡನ ದುಃಖ ಎಲ್ಲರ ಕಣ್ಣಿಗೂ ಬೀಳುತ್ತಿತ್ತು, ಮೆಟ್ಟಿಲ ಮೇಲೆ ಕೂತಿತ್ತಲ್ಲ.

ಆರು ತಿಂಗಳು ತುಂಬಿದ ಮೇಲೆ ಬಂದ ಶುಕ್ರವಾರ, ರಜೆಯ ದಿನ, ಅವರು ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬಂದರು. ಕೈಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು. ನಾನು ಹಿಂದಿನ ದಿನವೇ ಮನೆ ತೊಳೆದಿದ್ದೆ. ಮಂಚವನ್ನು ಗೋಡೆಗೆ ತಳ್ಳಿ ಮೂವರಿಗೂ ಜಾಗ ಮಾಡಿದ್ದೆ. ಬಸ್ಸಾರು ಮಾಡಿ, ಮುದ್ದೆಗೆ ಎಸರಿಟ್ಟಿದ್ದೆ. ಬಾಗಿಲ ಮುಂದೆ ಕಾಯಿ ಒಡೆದು, ಬಲಗಾಲಿಟ್ಟು ಒಳಗೆ ಬಂದರು. ಗೆದ್ದೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಹಾಗೇ ಅನ್ನಿಸಿತು.

ಅಡುಗೆಮನೆ ನೋಡಿದರು, ಕೋಣೆ ನೋಡಿದರು, ಹಾಸಿಗೆ ನೋಡಿದರು. ತಿರುಗಿ ಹಾಲಿಗೆ ಬಂದು ನಿಂತರು.

"ಎಲ್ಲಿ?"

ತೋರಿಸಿದೆ. ಅಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ನೆಲವನ್ನು ಮುಟ್ಟಿದರು. ಅಲ್ಲಿಂದ ಬಾಗಿಲ ಕಡೆ ನೋಡಿದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಅವ್ವ ಆಚೀಕೆ ಬತ್ತೀನಿ ಅಂದಾಗ ಬಾಗ್ಲು ಯಾಕಾಕ್ದೆ?"

ಗದರಿಸಲಿಲ್ಲ. ಆರು ತಿಂಗಳು ಮೆಟ್ಟಿಲ ಮೇಲೆ ಕೂತು ಇದೊಂದನ್ನೇ ನುರಿಸಿದ್ದರು ಅಂತ ಆ ದನಿಯಲ್ಲಿ ಗೊತ್ತಾಯಿತು. ನಕ್ಷತ್ರಕ್ಕೆ ಹೆದರಿ ಹೊರಗಿದ್ದಾರೆ ಅಂತ ನಾನು ತಿಳಿದಿದ್ದೆ.

"ಸೆಕೆ ಒಳೀಕೆ ಬತ್ತಿತ್ತು" ಅಂದೆ.

"ಹ್ಞೂಂ" ಅಂದರು.

ಇನ್ನೂ ಹೇಳಬಹುದಿತ್ತು. ಹೊಟ್ಟೆ ಇಷ್ಟು ಮುಂದಿತ್ತು, ಎತ್ತಲು ಆಗುತ್ತಿರಲಿಲ್ಲ, ಹೊರಗಿನ ಕಲ್ಲು ಕಾದಿತ್ತು, ನನಗೆ ತಿಳಿಯಲಿಲ್ಲ, ತಿಳಿದಿದ್ದರೂ ಮಾಡುತ್ತಿರಲಿಲ್ಲ. ಎಲ್ಲ ನಿಜ. ಮುದ್ದೆ ತಟ್ಟೆಗೆ ಹಾಕಿ ಕೊಟ್ಟೆ. ತಟ್ಟೆ ಹಿಡಿದು ಎದ್ದು, ಮೆಟ್ಟಿಲಿಗೆ ಹೋಗಿ ಕೂತು ಉಂಡರು. ಸಂಜೆ, ಬೆಳಿಗ್ಗೆ ಬೇಗ ಶಿಫ್ಟು ಅಂತ ಹೇಳಿ ಕ್ಯಾಂಪಿಗೆ ಹೊರಟರು. ಮುಂದಿನ ವಾರವೂ ಅದೇ ಕಾರಣ ಹೇಳಿದರು. ಅದರ ಮುಂದಿನ ವಾರ ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಬಾಡಿಗೆ ಕರಾರು ಮುಗಿದಾಗ ಮನೆ ಬಿಟ್ಟೆವು. ನಾನು ಒಳಗಿನಿಂದ ಒಂದೊಂದೇ ಸಾಮಾನನ್ನು ಬಾಗಿಲ ತನಕ ತಳ್ಳಿದೆ, ಅವರು ಹೊರಗಿನಿಂದ ಎತ್ತಿಕೊಂಡರು. ಸರದಿಂದ ಕೀ ಬಿಚ್ಚಿ ಓನರ ಕೈಗೆ ನಾನೇ ಕೊಟ್ಟೆ.

ಈಗ ಊರ ಕಡೆಗೆ ಮರಳಿದ್ದೇವೆ, ಪಾಂಡವಪುರದಲ್ಲಿ ಇನ್ನೊಂದು ಬಾಡಿಗೆ ಮನೆ. ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಮಗಳು ನಡುವೆ. ಅವರು ನನ್ನನ್ನು ಆಮೇಲೆ ಯಾವತ್ತೂ ಏನೂ ಕೇಳಿಲ್ಲ, ಒಂದು ಕೆಟ್ಟ ಮಾತು ಆಡಿಲ್ಲ. ನಾನು ಹಠ ಮಾಡಿ ಹಿಡಿದು, ಹಠ ಮಾಡಿ ಉಳಿಸಿಕೊಂಡ ಆ ಮೊದಲ ಮನೆಯಲ್ಲಿ ನಾವು ಮೂವರೂ ಒಂದು ರಾತ್ರಿಯೂ ಒಟ್ಟಿಗೆ ಮಲಗಲಿಲ್ಲ.